ಭಾಗಾಕಾರಕ್ಕೆ ಐದೇ ಸೆಕೆಂಡು

ಕಳೆದ ಗುರುವಾರ ನಾನು ಒಂದೇ ಒಂದು ಪ್ರಶ್ನೆ ಕೇಳಿ ಒಂದಿಡೀ ಕ್ಲಾಸಿನ ಮುಂದೆ ಮರ್ಯಾದೆ ಕಳೆದುಕೊಂಡೆ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನನ್ನ ಗೆಳತಿ ಶೈಲಜಾ ಟೀಚರ್. ನಾಲ್ಕನೇ ಕ್ಲಾಸಿನವರಿಗೆ ಭಾಗಾಕಾರ ಪ್ರಾಕ್ಟೀಸ್ ಮಾಡಿಸಬೇಕಿತ್ತು. ಅದೇ ಹೊತ್ತಿಗೆ ಯಾವುದೋ ವರದಿಯನ್ನೂ ಕಳಿಸಬೇಕಿತ್ತು. "ನೀನು ಸುಮ್ನೆ ಕೂತಿರೋಳು. ಒಂದು ಗಂಟೆ ಬಂದು ಲೆಕ್ಕ ಕೇಳೇ" ಅಂದಳು. (ಅಂಕಣ ಬರೆಯುವುದೆಂದರೆ ಸುಮ್ಮನೆ ಕೂರುವುದು ಎಂದೇ ಅವಳ ನಂಬಿಕೆ.)

ಮುಂದಿನ ಸಾಲಿನ ಹುಡುಗಿಗೆ ಗತ್ತಿನಿಂದ ಕೈ ತೋರಿಸಿದೆ. "ಏಳಮ್ಮ. ನಲವತ್ತೆರಡನ್ನ ಆರರಿಂದ ಭಾಗಿಸಿದ್ರೆ ಎಷ್ಟು?"

ಹಿಂದಿನಿಂದ ಸಾನಿಯಾ ಎಂಬ ಹುಡುಗಿ ತಣ್ಣಗೆ ಹೇಳಿದಳು. "ಮಿಸ್, ಉತ್ತರ ನೀವೇ ಮೊದ್ಲು ಹೇಳ್ಬಿಟ್ರಲ್ಲ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಶೈಲಜಾ ವರದಿಯಿಂದ ತಲೆಯೆತ್ತಿದಳು. "ಇದು ಇಂಗ್ಲಿಷ್ ಮೀಡಿಯಂ ಕಣೇ. ಇಂಗ್ಲಿಷಲ್ಲೇ ಕೇಳು. ಐದು ಸೆಕೆಂಡಲ್ಲಿ ಹೇಳ್ದೇ ಇದ್ದೋರ ಹೆಸರು ಬರ್ಕೋ. ಸೋಮವಾರ ಮನೆಯವರನ್ನ ಕರೆಸ್ತೀನಿ."

ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತೆ. ಟೀಚರ್ ಆಗಿ ಹತ್ತು ನಿಮಿಷವಾಗಿರಲಿಲ್ಲ, ಆಗಲೇ ಎಷ್ಟು ಅಧಿಕಾರ!

ಮೂರು ಸುತ್ತು ಮುಗಿಯಿತು. ಮೂರರಲ್ಲೂ ಸಿಕ್ಕಿಬಿದ್ದವಳು ಭಾರ್ಗವಿ, ಎರಡು ಜಡೆಯ ಪುಟ್ಟ ಹುಡುಗಿ. ಪ್ರತಿ ಸಲವೂ ಅವಳ ಉತ್ತರ ಸರಿ. ಆದರೆ ಬರುವುದು ಒಂಬತ್ತನೇ ಸೆಕೆಂಡಿಗೆ. ಅಲ್ಲಿಯವರೆಗೆ ತುಟಿ ಮಾತ್ರ ಅಲುಗುತ್ತದೆ.

ಅವಳ ಹೆಸರು ಬರೆಯುತ್ತಿದ್ದಾಗ ಮೇಜಿನ ಹತ್ತಿರ ಬಂದಳು. "ಮಿಸ್, ಸೋಮವಾರ ಅಜ್ಜಿ ಬರ್ತಾರೆ. ಅವ್ರಿಗೆ ಹೇಳ್ಬೇಡಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಾ ಹಾಕ್ತಾ ನಂಗೆ ಮಗ್ಗಿ ಕಲ್ಸಿದ್ದು ಅವ್ರೇ. ಬೇಜಾರು ಮಾಡ್ಕೋತಾರೆ."

ನನ್ನ ಪೆನ್ನು ನಿಂತಿತು. "ಮತ್ತೆ ಯಾಕಮ್ಮ ಇಷ್ಟು ಹೊತ್ತು? ಒಳಗೊಳಗೇ ಏನು ಹೇಳ್ಕೋತೀಯ? ಜೋರಾಗಿ ಹೇಳು ನೋಡೋಣ. ಫಾರ್ಟಿ ಟೂ ಡಿವೈಡೆಡ್ ಬೈ ಸಿಕ್ಸ್."

ಅವಳು ಕಣ್ಣು ಮುಚ್ಚಿಕೊಂಡಳು. "ಫಾರ್ಟಿ ಟೂ ಅಂದ್ರೆ ನಲವತ್ತೆರಡು. ನಲವತ್ತೆರಡು ಅಂದ್ರೆ ನಲಭೈರೆಂಡು. ಆರೇಡ್ಲು ನಲಭೈರೆಂಡು. ಏಡು. ಏಡು ಅಂದ್ರೆ ಏಳು. ಏಳು ಅಂದ್ರೆ ಸೆವೆನ್. ಸೆವೆನ್ ಮಿಸ್."

ನೋಡಿ, ಇಂಗ್ಲಿಷಿನಿಂದ ಕನ್ನಡ, ಕನ್ನಡದಿಂದ ತೆಲುಗು. ಅಲ್ಲಿ ಅಜ್ಜಿಯ ಮಗ್ಗಿ. ಆಮೇಲೆ ಅದೇ ದಾರಿಯಲ್ಲಿ ವಾಪಸ್. ಇಷ್ಟೆಲ್ಲ ಒಂಬತ್ತು ಸೆಕೆಂಡಿನಲ್ಲಿ! ನಾನೋ, ಅವಳನ್ನು ಸ್ಲೋ ಎಂದು ಬರೆಯುತ್ತಿದ್ದೆ.

ಶೈಲಜಾ ಎದ್ದು ಬಂದಳು. ಅವಳೂ ಚಿಂತಾಮಣಿಯವಳೇ, ಮನೆಮಾತು ತೆಲುಗೇ. "ಡೆಬ್ಬೈರೆಂಡುನಿ ತೊಮ್ಮಿದಿತೋ ಭಾಗಿಸ್ತೇ?" ಎಂದು ಕೇಳಿದಳು. ಎಪ್ಪತ್ತೆರಡನ್ನು ಒಂಬತ್ತರಿಂದ ಭಾಗಿಸಿದರೆ?

"ಎನಿಮಿದಿ." ಪ್ರಶ್ನೆ ಮುಗಿಯುವಷ್ಟರಲ್ಲಿ ಉತ್ತರ ಬಂದಿತ್ತು. ಎಂಟು. ಸ್ಟಾಪ್‌ವಾಚ್ ಒತ್ತುವುದಕ್ಕೂ ನನಗೆ ಟೈಮ್ ಸಿಗಲಿಲ್ಲ.

ಶೈಲಜಾ ನನ್ನತ್ತ ಬಾಗಿದಳು. ನನ್ನ ಕಿವಿಯಲ್ಲಿ, "ನಾನೂ ಮನಸ್ಸಲ್ಲಿ ತೆಲುಗಲ್ಲೇ ಲೆಕ್ಕ ಮಾಡೋದು ಕಣೇ. ಯಾರಿಗೂ ಹೇಳ್ಬೇಡ" ಅಂದಳು. (ಕ್ಷಮಿಸು ಶೈಲೂ, ಅಂಕಣಕ್ಕೆ ವಿಷಯ ಬೇಕಿತ್ತು.)

ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹರಿದಳು. "ಲೆಕ್ಕ ಯಾವ ಭಾಷೇಲಾದ್ರೂ ಮಾಡ್ಕೊಳಿ. ಉತ್ತರ ಇಂಗ್ಲಿಷಲ್ಲಿ ಹೇಳಿದ್ರೆ ಸಾಕು" ಎಂದು ಕ್ಲಾಸಿಗೆಲ್ಲ ಕೇಳುವಂತೆ ಹೇಳಿದಳು.

"ಉರ್ದೂಲೂ ಮಾಡ್ಬೋದಾ ಮಿಸ್?" ಸಾನಿಯಾ ಕೇಳಿದಳು. "ನಾನಂತೂ ಮೊದ್ಲಿಂದ್ಲೂ ಹಂಗೇ ಮಾಡ್ತಿರೋದು."

ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ನಾನು ಮೈಸೂರು ಕಡೆಯವಳು, ನನ್ನ ತೆಲುಗು ತರಕಾರಿ ಅಂಗಡಿ ದಾಟಿದ್ದಲ್ಲ. ಅದು ಗೊತ್ತಾಗಿದ್ದೇ ತಡ, ಭಾರ್ಗವಿ ನನಗೇ ತೆಲುಗಿನಲ್ಲಿ ಒಂದು ಭಾಗಾಕಾರ ಕೊಟ್ಟಳು. ನಾನು ತುಟಿ ಅಲುಗಿಸಿದೆ, ಬೆರಳು ಮಡಚಿದೆ, ಸೂರು ನೋಡಿದೆ. ಹನ್ನೊಂದು ಸೆಕೆಂಡು ತೆಗೆದುಕೊಂಡೆ. ಉತ್ತರವೂ ತಪ್ಪು.

"ಪರ್ವಾಗಿಲ್ಲ ಮಿಸ್, ಮೆಲ್ಲಗೆ ಮಾಡಿ" ಅಂದಳು ಭಾರ್ಗವಿ.

ಆ ಮಾತನ್ನು ಅವಳಿಗೆ ನಾನು ಒಂದು ಸಲವೂ ಹೇಳಿರಲಿಲ್ಲವಲ್ಲ, ಯಾಕೆ?