ಗೊಬ್ನೆಟ್ ಅಕ್ಕನ ಸೀನು

ನನ್ನ ಗಂಡ ತೈಗ್‌ನ ಅಕ್ಕ ಗೊಬ್ನೆಟ್ ನಕ್ಕಿದ್ದನ್ನು ನಾನು ಕಂಡಿಲ್ಲ, ಅತ್ತಿದ್ದನ್ನೂ ಕಂಡಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಈ ಹೆಂಗಸಿಗೆ ನನ್ನ ಮುಖ ಕಂಡರಾಗದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಯಾರ ಮುಖ ಕಂಡರೂ ಅವಳಿಗೆ ಏನೂ ಆಗುತ್ತಿರಲಿಲ್ಲ. ಹಾಲು ಕರೆಯುತ್ತಿದ್ದಳು, ಬೆಣ್ಣೆ ಕಡೆಯುತ್ತಿದ್ದಳು, ಬೆಂದ ಆಲೂಗೆಡ್ಡೆಯನ್ನು ಬುಟ್ಟಿಗೆ ಸುರಿಯುತ್ತಿದ್ದಳು. ಗೆಡ್ಡೆಗೆ ರೋಗ ಬಿದ್ದ ವರ್ಷ ಊರೆಲ್ಲ ಎದೆ ಬಡಿದುಕೊಳ್ಳುತ್ತಿದ್ದರೆ, ಅವಳು ಕೊಳೆತದ್ದನ್ನು ಆರಿಸಿ ಬೇರೆ ಹಾಕುತ್ತ ಕೂತಿದ್ದಳು.

ಒಂದೇ ವಿಷಯದಲ್ಲಿ ಮಹಾ ಮೊಂಡಿ. ನಮ್ಮಲ್ಲಿ ಯಾರಾದರೂ ಸೀನಿದರೆ ಪಕ್ಕದಲ್ಲಿದ್ದವರು "ದೇವರು ಕಾಪಾಡ್ಲಿ" ಅನ್ನಬೇಕು. ಅನ್ನದಿದ್ದರೆ ಗುಡ್ಡದೊಳಗಿನ ಜನ, ಕಣ್ಣಿಗೆ ಬೀಳದ ಆ ಮಾಯದವರು, ಸೀನಿದವರನ್ನು ಎತ್ತಿಕೊಂಡು ಹೋಗುತ್ತಾರೆ. ಗೊಬ್ನೆಟ್ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನನ್ನ ಹಸುಗೂಸು ಸೀನಿದಾಗಲೂ ಸುಮ್ಮನೆ ಕೂತಿದ್ದು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

"ನಾಲಿಗೆ ಬಿದ್ದುಹೋಗಿದ್ಯಾ ಅಕ್ಕಾ? ಮಗು ಅದು!"

"ನೀನು ಅಂದ್ಯಲ್ಲ ಈಟಾ, ಸಾಕು. ನನ್ನ ಬಾಯಿಂದ ಒಂದ್ಸಲ ಬಂದಿದ್ದೇ ಹೆಚ್ಚಾಯ್ತು."

ಅಂದು, ತೊಟ್ಟಿಲು ತೂಗುತ್ತಲೇ, ಪಕ್ಕದೂರಿನ ಯಾರದೋ ಸುದ್ದಿಯೆಂಬಂತೆ ಹೇಳಿದಳು.

ಹರೆಯದಲ್ಲಿ ದನ ಮೇಯಿಸಲು ಗುಡ್ಡಕ್ಕೆ ಹೋಗುತ್ತಿದ್ದಾಗ ಮುಳ್ಳುಮರದ ಹತ್ತಿರ ಒಬ್ಬ ಬರುತ್ತಿದ್ದನಂತೆ. ಅವನು ನಡೆದಲ್ಲಿ ಹುಲ್ಲು ಬಗ್ಗುತ್ತಿರಲಿಲ್ಲ. ಗುಡ್ಡದೊಳಗಿನವನೆಂದು ಗೊತ್ತಾದರೂ ಇವಳು ಓಡಿಹೋಗಲಿಲ್ಲ. ಆ ಬೇಸಿಗೆಯೆಲ್ಲ ಹಸುಗಳನ್ನು ಅವನೇ ಹೆಸರು ಹಿಡಿದು ಗದರಿಸಿ ತಿರುವಿಕೊಂಡು ಬರುತ್ತಿದ್ದ, ಇವಳು ಹುಲ್ಲಿನ ಮೇಲೆ ಉರುಳಿ ಉರುಳಿ ನಗುತ್ತಿದ್ದಳು.

"ಭಾನುವಾರ ಎಲ್ಲರೂ ಚರ್ಚಿಗೆ ಹೋದಾಗ ನಿನ್ನ ಮನೆಗೇ ಬರ್ತೀನಿ," ಅಂದನಂತೆ ಅವನು. "ನೀನಾಗಿ ಕೈ ಕೊಡು, ಕರ್ಕೊಂಡು ಹೋಗ್ತೀನಿ. ಆದ್ರೆ ನನ್ನೆದುರು ದೇವರ ಹೆಸರು ಮಾತ್ರ ಎತ್ತಬೇಡ. ಎತ್ತಿದ್ರೆ ಮತ್ತೆ ನಾನಾಗಿ ಬರೋ ಹಾಗಿಲ್ಲ, ಯಾರೂ ಹರಸದ ನಿನ್ನ ಸೀನು ಕರೆದ್ರೆ ಮಾತ್ರ."

ಹಲ್ಲುನೋವೆಂದು ಸುಳ್ಳು ಹೇಳಿ ಇವಳು ಮನೆಯಲ್ಲೇ ಉಳಿದಳು. ಅವನು ಬಂದ. ಹೊಸ್ತಿಲು ದಾಟಿದ, ಕೈ ಚಾಚಿದ. ನಮ್ಮ ಮನೆಯ ಒಲೆಯೋ, ಕಣ್ಣು ಬಿಡಲಾಗದಷ್ಟು ಹೊಗೆ. ಗುಡ್ಡದ ಗಾಳಿ ಕುಡಿದವನಿಗೆ ಅದು ಹೊಸದು. ಸೀನಿದ.

"ದೇವರು ಕಾಪಾಡ್ಲಿ ನನ್ನ ರಾಜಾ, ಅಂದ್ಬಿಟ್ಟೆ," ಅಂದಳು ಗೊಬ್ನೆಟ್. "ಎಲ್ಲಿ ಶೀತ ಆಯ್ತೋ ಅಂತ. ಪ್ರೀತಿಗೆ ಅಂದೆ ಕಣೇ. ನೋಡಿದ್ರೆ ಬರೀ ಹೊಗೆ. ಅವನಿಲ್ಲ."

ಬೈಯಲು ಹೋದ ನಾನೇ ಅತ್ತುಬಿಟ್ಟೆ. ಅವಳು ಕೈಯೊರೆಸುವ ಬಟ್ಟೆಯನ್ನು ನನ್ನತ್ತ ತಳ್ಳಿ, ಕರುವಿಗೆ ನೀರಿಡಲು ಎದ್ದುಹೋದಳು.

ತುಂಬಿದ ಮನೆ ನಮ್ಮದು. ಅವಳು ಸೀನಿದಾಗಲೆಲ್ಲ ಯಾರಾದರೊಬ್ಬರ ಬಾಯಲ್ಲಿ ಆ ಮಾತು ಬಂದೇಬಿಡುತ್ತಿತ್ತು. ಒಲೆಯ ಮುಂದಿದ್ದ ನಾನೂ ಅನ್ನುತ್ತಿದ್ದೆ. ಅಭ್ಯಾಸ, ಏನು ಮಾಡುವುದು. ಅವಳು ಒಮ್ಮೆ ಬಾಗಿಲ ಕಡೆ ನೋಡಿ ಮತ್ತೆ ಬೆಣ್ಣೆ ಕಡೆಯುತ್ತಿದ್ದಳು.

ಹೋದ ಚಳಿಗಾಲ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನಾನೊಬ್ಬಳೇ ಮಜ್ಜಿಗೆ ಕುಡಿಸುತ್ತಿದ್ದೆ. ಸೀನಿದಳು. ಮಾತು ನನ್ನ ತುಟಿಗೆ ಬಂದಿತ್ತು, ತಟ್ಟನೆ ನನ್ನ ಮಣಿಕಟ್ಟು ಹಿಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ತಾನಾಗಿ ನನ್ನನ್ನು ಮುಟ್ಟಿದವಳಲ್ಲ.

"ಬೇಡ ಈಟಾ. ಇದೊಂದ್ಸಲ."

ನನಗೆ ಭಯವಾಯಿತು. ಆದರೂ ತುಟಿ ಕಚ್ಚಿಕೊಂಡು ಕೂತೆ. ಅವಳ ಕೆನ್ನೆ ಕೆಂಪಾಗಿತ್ತು, ಕಣ್ಣೆಲ್ಲ ಬಾಗಿಲ ಮೇಲೆ. ಬರಲಿ, ಬಂದು ಕರೆದುಕೊಂಡು ಹೋಗಲಿ ಎಂದು ನಾನೂ ಬೇಡಿಕೊಂಡೆ, ಯಾರನ್ನೋ ಏನೋ. ಒಂದು ಕೋಳಿ ಹೊಸ್ತಿಲು ಹತ್ತಿ, ಒಳಗೆ ಇಣುಕಿ, ಇಳಿದುಹೋಯಿತು.

ಮಣಿಕಟ್ಟಿನ ಮೇಲಿನ ಬಿಗಿ ಸಡಿಲಾಯಿತು.

"ಇರ್ಲಿ ಬಿಡು," ಅಂದಳು. "ಈಗ ಅನ್ನು."

ಅಂದೆ.