ತಿರುಗಿ ನೋಡದೆ ಓಡಿದವಳು

ರಾಜಾಜಿನಗರದಲ್ಲಿ ನಮ್ಮ ಎದುರುಮನೆಯ ಕಾಲೇಜು ಹುಡುಗಿ ಎಂಟುನೂರು ಮೀಟರ್ ಓಟಗಾರ್ತಿ. ಎಪ್ಪತ್ತರ ದಶಕದ ಆ ದಿನಗಳಲ್ಲಿ, ನಾನು ರಂಗೋಲಿ ಹಾಕುವ ಹೊತ್ತಿಗೆ ಅವಳು ಅಣ್ಣನ ಸಡಿಲ ಚಡ್ಡಿಗೆ ಪಿನ್ನು ಚುಚ್ಚಿಕೊಂಡು ನಮ್ಮ ಬೀದಿಯ ಪಾರ್ಕಿನ ಸುತ್ತ ಓಡುತ್ತಿರುತ್ತಿದ್ದಳು.

ಅವಳಿಗೊಂದು ಚಾಳಿಯಿತ್ತು. ಓಡುತ್ತಾ ಹಿಂದೆ ತಿರುಗಿ ನೋಡುವಳು. ಹಿಂದಿನ ವರ್ಷ ಹಾಗೆ ನೋಡಿಯೇ ಎರಡು ರೇಸ್ ಸೋತಿದ್ದಳು. "ಅಕ್ಕ, ತಿರುಗಿದ್ರೆ ಬೈದ್ಬಿಡಿ" ಎಂದು ಪ್ರತಿ ಸುತ್ತಿನಲ್ಲೂ ನನಗೆ ಹೇಳಿ ಹೋಗುವಳು. ನನಗೆ ಬೈಯಲು ಬರುತ್ತಿರಲಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಸೊಪ್ಪಿನವಳೇ ಆ ಕೆಲಸ ವಹಿಸಿಕೊಂಡಳು: "ಕತ್ತು ಉಳುಕ್ತದೆ ಕಣವ್ವ, ಮುಂದೆ ನೋಡ್ಕೊಂಡು ಓಡು!"

ಆ ವರ್ಷದ ಮೊದಲ ರೇಸಿಗೆ ಮುಂಚೆ ಅವಳ ತಂದೆ ಕಟ್ಟುನಿಟ್ಟಾಗಿ ಹೇಳಿದರು: "ಗೆದ್ರೆ ಓಡು. ಸೋತ್ರೆ ಇದೆಲ್ಲ ಸಾಕು, ಟೈಪಿಂಗ್ ಕ್ಲಾಸಿಗೆ ಸೇರ್ಕೋ."

ಅವರ ಜೊತೆ ನಾನೂ ಬಸ್ಸು ಹಿಡಿದು ನೋಡಲು ಹೋದೆ. ಮೊದಲ ಸುತ್ತಿನಲ್ಲಿ ಅವಳು ನಾಲ್ಕನೆಯವಳು. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಒಬ್ಬೊಬ್ಬರನ್ನೇ ದಾಟಿದಳು. ಕತ್ತು ಒಮ್ಮೆಯೂ ತಿರುಗಲಿಲ್ಲ. ಗೆಲುವಿನ ದಾರ ಎದೆಗೆ ತಗುಲಿ ಹರಿದರೂ ನಿಲ್ಲದೆ, ಅದನ್ನು ಹೆಗಲ ಮೇಲೆ ಹಾರಾಡಿಸಿಕೊಂಡು ಓಡುತ್ತಲೇ ಇದ್ದಳು. ಜನ ನಗತೊಡಗಿದರು. ಅವಳ ತಂದೆ ಚಪ್ಪಲಿಯನ್ನು ನನ್ನ ಕಾಲ ಬಳಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಅವಳ ಹಿಂದೆಯೇ ಓಡಿದರು.

"ನಿಲ್ಲೇ, ಗೆದ್ದೆ ಕಣೇ!"

"ಹಿಂದೆ ಯಾರು ಬರ್ತಿದಾರೆ ಅಪ್ಪಾ?" ಮುಖ ಮುಂದಕ್ಕೇ ಇಟ್ಟು ಅವಳು ಕೂಗಿದಳು.

"ನಾನೊಬ್ನೇ ಕಣೇ ತಾಯಿ!"