ಬಲಗಡೆ ಬಿದ್ದ ಎಸಳು

ಬೈಲಹೊಂಗಲದ ಕಾಲೇಜೊಂದರ ಪ್ರವೇಶದ ಸಾಲಿನಲ್ಲಿ ಮೊನ್ನೆ ಒಬ್ಬ ರೈತ ಮಗಳ ಅಂಕಪಟ್ಟಿಯನ್ನು ಚೀಲದಿಂದ ಹೊರತೆಗೆದಾಗ, ಅದಕ್ಕೆ ಅಂಟಿಕೊಂಡಿದ್ದ ಕಣಗಲ ಹೂವಿನ ಎಸಳೊಂದು ನೆಲಕ್ಕೆ ಬಿತ್ತು. ಆತ ಬಗ್ಗಿ ಎತ್ತಿ, ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ದೇವರ ಪ್ರಸಾದ. ವರದಿಗೆಂದು ಹೋದವನು ನಾನು. ಕೇಳಬೇಕಾದ ಪ್ರಶ್ನೆಗಳು ಒಂದು ಗಳಿಗೆ ಮರೆತುಹೋದವು. ನೆನಪಾದವರು ನೇಸರಗಿಯ ನಮ್ಮ ಓಣಿಯ ಆಯಿ...

ಅವರು ನನಗೆ ಬಂಧುವಲ್ಲ. ಪಕ್ಕದ ಮನೆಯ ಮುದುಕಿ, ಓಣಿಗೆಲ್ಲ ಆಯಿ. ಓಣಿಯ ಸಣ್ಣ ಈಶ್ವರ ಗುಡಿಯ ಪೂಜೆ ಅವರ ಮನೆತನದ್ದು. ಗಂಡ ತೀರಿಕೊಂಡ ಮೇಲೆ ಅವರೇ ಮಾಡುತ್ತಿದ್ದರು. ಬಾವಿ ತೋಡುವುದಿರಲಿ, ಸಂಬಂಧ ಕೂಡಿಸುವುದಿರಲಿ, ಜನ ಅಲ್ಲಿಗೆ ಹೂವು ಕೇಳಲು ಬರುತ್ತಿದ್ದರು. ಲಿಂಗದ ಬಲಕ್ಕೊಂದು, ಎಡಕ್ಕೊಂದು ಒದ್ದೆ ಎಸಳು ಹಚ್ಚುವುದು. ಯಾವುದು ಮೊದಲು ಬೀಳುತ್ತದೋ ಅದೇ ದೇವರ ಅಪ್ಪಣೆ. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಮಕ್ಕಳ ತಂದೆ-ತಾಯಿಯರೂ ಬರತೊಡಗಿದ್ದರು. ಊರಲ್ಲೇ ಆರ್ಟ್ಸೋ, ಬಸ್ಸಿನಲ್ಲಿ ಹೋಗಿ ಸೈನ್ಸೋ, ಐಟಿಐಯೋ...

ಆಯಿ ನಗುತ್ತಿದ್ದರು. “ದೇವ್ರಿಗೆ ಮೊದಲ ಮಳಿ-ಬೆಳಿ ಅಷ್ಟ ಗೊತ್ತಿದ್ರ ಸಾಕಾಗಿತ್ತು. ಈಗ ಕಾಲೇಜಿನ ಸುದ್ದೀನೂ ತಿಳ್ಕೋಬೇಕಾಗೇತಿ.”

ಆ ವರ್ಷ ಎದುರುಮನೆಯ ಹುಡುಗಿ ಒಳ್ಳೆಯ ಅಂಕ ತೆಗೆದಿದ್ದಳು. ಓದಿದ್ದು ಕನ್ನಡ ಮಾಧ್ಯಮ. ಅವಳಿಗೆ ಸೈನ್ಸ್ ಬೇಕಿತ್ತು, ಅಂದರೆ ಬೈಲಹೊಂಗಲ. ಅವಳಪ್ಪನಿಗೆ ಆರ್ಟ್ಸ್ ಸಾಕಿತ್ತು. “ಮನೀ ಮುಂದ ಕಾಲೇಜ ಇರೂಮುಂದ ಬಸ್ಸಿನ ಕಂಬಿ ಹಿಡಕೊಂಡ ಜೋತಾಡೂದು ಯಾಕ?” ಎನ್ನುತ್ತಿದ್ದ. ಹುಡುಗಿ ಊಟ ಬಿಟ್ಟಳು. ಕೊನೆಗೆ ಹೂವು ಕೇಳುವುದೆಂದಾಯಿತು. ಬಲಕ್ಕೆ ಸೈನ್ಸ್, ಎಡಕ್ಕೆ ಆರ್ಟ್ಸ್. ಬಹಳ ಹೊತ್ತು ಎರಡೂ ಎಸಳು ಅಂಟಿಕೊಂಡೇ ಇದ್ದವು. ಆಮೇಲೆ ಬಲಗಡೆಯ ಎಸಳು ಜಾರಿತು. ಅಪ್ಪ ಅಡ್ಡಬಿದ್ದು ಎದ್ದವನು ಮರುಮಾತಿಲ್ಲದೆ ಬೈಲಹೊಂಗಲಕ್ಕೆ ಹೋಗಿ ಹೆಸರು ಹಚ್ಚಿ ಬಂದ.

ಮಳೆಗಾಲ ಮುಗಿಯುವ ಮೊದಲೇ ಹುಡುಗಿ ಬಾಡಿದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು ಆಯಿಗೆ ಹೇಳುತ್ತಿದ್ದುದು ನಮ್ಮ ಪಡಸಾಲೆಗೂ ಕೇಳುತ್ತಿತ್ತು. “ಸರ್ ಹೇಳೂದು ಕಿವಿಗಿ ಬೀಳತೈತಿ ಆಯಿ, ಒಳಗ ಇಳೀವಲ್ದು.”

ಆರ್ಟ್ಸಿಗೆ ಬದಲಾಯಿಸಿಕೊಳ್ಳಲು ಇನ್ನೂ ಅವಕಾಶವಿತ್ತು. ತಂದೆ ಒಪ್ಪಿ ಸಹಿ ಹಾಕಬೇಕಿತ್ತು. ಆತ ಹಾಕಲಿಲ್ಲ. “ನಾ ಬ್ಯಾಡ ಅಂದಿದ್ನಿ, ದೇವ್ರು ಬೇಕಂದ. ಈಗ ಅಂವನ ಮಾತ ಮೀರಂತೀಯೇನು?”

ಒಂದು ಸಂಜೆ ಆಯಿ ನನ್ನನ್ನು ಕಟ್ಟೆಗೆ ಕರೆದರು. ಗರ್ಭಗುಡಿಯ ಕಡೆ ನೋಡದೆ ಹೇಳಿದರು: “ಎಡಗಡಿ ಎಸಳಿನ ಬೆನ್ನಿಗಿ ಗಂಧ ಹಚ್ಚಿ ಒತ್ತಿದ್ನೆಪಾ. ಅದು ಬೀಳಾಕ ಸಾಧ್ಯನ ಇರಲಿಲ್ಲ. ಊಟ ಬಿಟ್ಟ ಆ ಕೂಸಿನ ಮಾರಿ ನೋಡಾಕ ಆಗ್ಲಿಲ್ಲ ನನಗ.”

“ಅವರಪ್ಪಗ ಹೇಳಬೇಕಾಗತೈತಲ್ಲ ಆಯಿ,” ಎಂದೆ.

“ಹೇಳಿದ ಮ್ಯಾಲ ನನ್ನ ಕೈಯಾಗಿನ ಹೂ ಯಾರು ಮುಟ್ಟತಾರ? ಇಷ್ಟು ವರ್ಷದ್ದೆಲ್ಲಾ ಸುಳ್ಳ ಅಂತಾರ.” ಆಮೇಲೆ ಸೆರಗು ಸರಿಪಡಿಸಿಕೊಂಡು ಎದ್ದರು. “ಅನ್ಲಿ. ನಡಿ.”

ನಾನೂ ಜೊತೆಗೆ ಹೋದೆ. ಹೊಸ್ತಿಲಲ್ಲಿ ನಿಂತೇ ಆಯಿ ಎಲ್ಲವನ್ನೂ ಹೇಳಿದರು. ಆತ ಸಿಟ್ಟಾಗಲಿಲ್ಲ. ಅವರ ಕೈ ಹಿಡಿದು ಒಳಗೆ ಕೂರಿಸಿ, ಚಹಾ ತರಿಸಿದ.

“ಕೂಸಿನ ಮ್ಯಾಲಿನ ಪ್ರೀತಿಗಿ ಇಷ್ಟು ದೊಡ್ಡ ಸುಳ್ಳ ಹೇಳಾಕ ಬಂದ್ರೆಲ್ಲ ಆಯಿ. ನಿಮ್ಮ ಕೈಯಾಗ ಎಂದಾರ ಮೋಸ ಆಗೇತೇನು? ಚಹಾ ಕುಡೀರಿ, ಆರತೈತಿ.”

ಆಯಿ ಮತ್ತೆ ಹೇಳಿದರು. ಆತ ಮತ್ತೆ ನಕ್ಕ. ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು...

ಬದಲಾವಣೆಯ ಗಡುವು ದಾಟಿತು. ಹುಡುಗಿ ದ್ವಿತೀಯ ಪಿಯುಸಿಯಲ್ಲಿ ಫೇಲಾದಳು. ಮತ್ತೆ ಪರೀಕ್ಷೆಗೆ ಕೂರಲಿಲ್ಲ. ರಾಮದುರ್ಗದ ಕಡೆ ಮದುವೆ ಮಾಡಿಕೊಟ್ಟರು. ಆಯಿ ಪೂಜೆ ಬಿಡಲಿಲ್ಲ, ಹೂವು ಕೇಳುವುದನ್ನು ಬಿಟ್ಟರು. ಬಂದವರಿಗೆ, “ದೇವ್ರು ಮಾತ ಬಿಟ್ಟಾನ,” ಎನ್ನುತ್ತಿದ್ದರು. ಜನ ಅದನ್ನೂ ನಂಬಿದರು.

ಹಾಸಿಗೆ ಹಿಡಿದ ಮೇಲೆ, ಬಂದವರನ್ನೆಲ್ಲ ಆಯಿ ಕೇಳುತ್ತಿದ್ದುದು ಒಂದೇ ಮಾತು: “ಆಕಿ ಪಾಸಾದ್ಲೇನು?” ಮನೆಯವರು ಭ್ರಮೆ ಎಂದುಕೊಂಡರು. ಸುದ್ದಿ ಕೇಳಿ ಹುಡುಗಿ ರಾಮದುರ್ಗದಿಂದ ಬಂದಳು. ಪಕ್ಕದಲ್ಲಿ ಕೂತು, “ಪಾಸಾಗೇನಿ ಆಯಿ,” ಎಂದಳು. ಆಯಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

“ನೀನೂ ಗಂಧ ಹಚ್ಚಿದೆಲ್ಲವ್ವಾ,” ಎಂದು ಗೋಡೆಯ ಕಡೆ ಮಗ್ಗಲಾದರು. ನನಗೆ ನೆನಪಿರುವ ಅವರ ಕೊನೆಯ ಮಾತು ಅದು.

ಈಗ ಆ ಗುಡಿಯ ಪೂಜೆಗೆ ಬೇರೊಬ್ಬರಿದ್ದಾರೆ. ಊರಿಗೆ ಹೋದಾಗ ಕಟ್ಟೆಯ ಮುಂದೆ ಹಾಯುವಾಗ ಒಮ್ಮೊಮ್ಮೆ ಹಿಂದಿನಿಂದ ಆ ಹುಡುಗಿಯ ದನಿ ಕೇಳಿದಂತಾಗುತ್ತದೆ: ಒಳಗ ಇಳೀವಲ್ದು... ತಿರುಗಿದರೆ ಕಟ್ಟೆ ಖಾಲಿ. ಸಾಂತ್ವನ ಹೇಳುತ್ತಿದ್ದವರೂ ಇಲ್ಲ, ಕೇಳುತ್ತಿದ್ದವಳೂ ಇಲ್ಲ.

ಮೊನ್ನೆಯ ಸಾಲಿನಲ್ಲಿ ಸಂಪಗಾಂವಿಯಿಂದ ಬಂದ ತಾಯಿಯೊಬ್ಬರು ನನ್ನ ಕೊರಳಿನ ಗುರುತಿನ ಚೀಟಿ ನೋಡಿ ಕೇಳಿದರು: “ನೀವು ಪೇಪರಿನವ್ರು, ನಿಮಗ ಗೊತ್ತಿರತೈತಿ. ಸೈನ್ಸ್ ಚೊಲೋನೋ, ಆರ್ಟ್ಸ್ ಚೊಲೋನೋ?”

ನನಗೆ ಗೊತ್ತಿಲ್ಲವೆಂದೆ. “ಬದಲಿ ಮಾಡ್ಕೊಳ್ಳಾಕ ಯಾವತ್ತಿನತನಕ ಬರತೈತಿ, ಅದನ್ನ ಮೊದಲ ಕೇಳ್ಕೋರಿ ಅಕ್ಕಾರ.”

ಆಕೆಯ ಮುಖ ಗಂಟಾಯಿತು. “ಇನ್ನೂ ಹೆಸರ ಹಚ್ಚೇ ಇಲ್ಲ. ಅಪಶಕುನ ಯಾಕ ನುಡೀತೀರಿ?” ಎಂದವರೇ ಮಗಳ ಕೈ ಹಿಡಿದು ಮುಂದೆ ಸರಿದರು. ಮಗಳು ಮಾತ್ರ ಒಮ್ಮೆ ತಿರುಗಿ ನೋಡಿದಳು.